ಸೊಸೆಯ ಚೀಲದಲ್ಲಿದ್ದ ಮಯೋನೀಸ್

ಕಡಲತೀರದ ಊರಾದ ಓಸ್ಟೆಂಡಿನ ಗೋಡಲೀವ್ ಮೀನುಗಾರ ಗಂಡನ ಮನೆಗೆ ಬಂದಂದಿನಿಂದ ಅಲ್ಲಿ ಅಂಗಡಿಯ ಮಯೋನೀಸ್ ಕಾಲಿಟ್ಟದ್ದೇ ಇಲ್ಲ. ಭಾನುವಾರ ಬಂತೆಂದರೆ ಮೊಟ್ಟೆಯ ಹಳದಿಗೆ ಸಾಸಿವೆ ಬೆರೆಸಿ, ಎಣ್ಣೆಯನ್ನು ಎಳೆಯಾಗಿ ಬಿಡುತ್ತಾ ತಾನೇ ಕಡೆಯುವಳು. ಆ ಭಾನುವಾರ ಮಯೋನೀಸಿನಲ್ಲಿ ಕಲಸಿದ ಸಿಗಡಿ ತುಂಬಿದ ಟೊಮೆಟೊ ಊಟಕ್ಕೆ, ಎಲ್ಲದರಲ್ಲೂ ಹುಳುಕು ಹುಡುಕುವ ಅಕ್ಕ ಆಲಿಡಾ ಬರುವವಳಿದ್ದಳು. ಅವಸರದಲ್ಲಿ ಎಣ್ಣೆ ಒಮ್ಮೆಲೇ ಸುರಿದುಹೋಗಿ ಮಯೋನೀಸ್ ಒಡೆದು ನೀರಾಯಿತು. ಮನೆಯಲ್ಲಿ ಇನ್ನೊಂದು ಮೊಟ್ಟೆಯಿಲ್ಲ.

“ಮಾನ ಹೋಯ್ತು! ಅಕ್ಕ ಸಾಯೋವರೆಗೂ ಆಡ್ಕೋತಾಳೆ.”

ಊಟಕ್ಕೆಂದು ಬಂದಿದ್ದ ಸೊಸೆ ಆನಲೋರ್ ಮಗುವಿನ ಚೀಲದಿಂದ ಅಂಗಡಿಯ ಬಾಟಲಿ ತೆಗೆದಳು. “ಬೈಬೇಡಿ ಅತ್ತೆ, ಇದಿಲ್ದೆ ಪುಟ್ಟಿ ಆಲೂಗಡ್ಡೆ ಮುಟ್ಟಲ್ಲ. ಇದ್ರದ್ದೊಂದು ಚಮಚಕ್ಕೆ ನಿಮ್ದನ್ನ ಸ್ವಲ್ಪಸ್ವಲ್ಪ ಹಾಕಿ ಕಡೀರಿ, ಕೂಡ್ಕೊಳ್ಳುತ್ತೆ.”

“ಆ ಗೋಂದನ್ನ ನನ್ನ ಬಟ್ಟಲಿಗಾ?” ಎನ್ನುತ್ತಲೇ ಗೋಡಲೀವ್ ಕಡೆದಳು. ನೋಡನೋಡುತ್ತಿದ್ದಂತೆ ಅದು ಗಟ್ಟಿಯಾಗಿ, ಬೆಣ್ಣೆಯಂತೆ ಹೊಳೆಯಿತು.

ಆಲಿಡಾ ಎರಡು ಸಲ ಬಡಿಸಿಕೊಂಡಳು. “ಅಂಗಡೀದು ಇದರ ಹತ್ರಾನೂ ಸುಳಿಯಲ್ಲ ಕಣೇ. ಈ ಸಲ ಏನ್ ಹಾಕ್ದೆ?”

“ಎಲ್ಲಾ ನನ್ನ ಸೊಸೆ ಕೈಗುಣ ಅಕ್ಕ,” ಎಂದ ಗೋಡಲೀವ್ ಮೇಜಿನ ಕೆಳಗೆ ಆನಲೋರಳ ಕಾಲನ್ನು ಮೆಲ್ಲನೆ ಒತ್ತಿದಳು.

ಸಂಜೆ ಸೊಸೆ ಹೊರಟಾಗ ಬಾಟಲಿ ಚೀಲಕ್ಕೆ ಮರಳಲಿಲ್ಲ. ಅದು ಅತ್ತೆಯ ಫ್ರಿಜ್ಜಿನಲ್ಲಿ, ಹಾಲಿನ ಹಿಂದೆ, ಯಾರಿಗೂ ಕಾಣದಂತೆ ಕುಳಿತಿತ್ತು.