ತಿದಿ ಒತ್ತುವವಳು

“ಕಬ್ಬಿಣ ತೆಗೀರಿ ಅಣ್ಣಾ, ಸಾಕು,” ಎಂದಳು ತಿದಿ ಒತ್ತುತ್ತಿದ್ದ ಕಮ್ಮಾರನ ಹೆಂಡತಿ. ಟೀ ಗಿಡ ಸವರುವ ಕತ್ತಿ ಬಡಿಯುವುದನ್ನು ಕಲಿಯಲು ನಾನು ಕೀಳ್ ಕೋತಗಿರಿಯ ಅವರ ಕುಲುಮೆಗೆ ಹೋಗಿದ್ದೆ.

“ಕಲಿಯಲು ಬಂದಿರುವುದು ನಿನ್ನ ಗಂಡನ ಹತ್ತಿರ. ನೀನು ತಿದಿ ಒತ್ತಮ್ಮ,” ಎಂದೆ.

ಅವಳು ತಿದಿ ಒತ್ತತೊಡಗಿದಳು. ಸ್ವಲ್ಪ ಹೊತ್ತಿಗೆ ಕಬ್ಬಿಣ ಹದ ಮೀರಿ ಕಾದು ಕಿಡಿ ಕಾರಿತು. ಸುತ್ತಿಗೆಯ ಮೊದಲ ಏಟಿಗೇ ಕತ್ತಿ ಪುಡಿಯಾಯಿತು.

“ನೀವಾದರೂ ಹೇಳಬಾರದಿತ್ತೇ?” ಎಂದು ಕಮ್ಮಾರನನ್ನು ಕೇಳಿದೆ.

“ಕಾದ ಕಬ್ಬಿಣದ ಬಣ್ಣ ನನಗೆಲ್ಲಿ ಕಾಣುತ್ತೆ ಅಣ್ಣಾ? ಕಣ್ಣಿಗೆ ಪೊರೆ ಬಂದಿದೆ. ಅವಳು ಹೇಳಿದಾಗ ತೆಗೀತೀನಿ, ಹೊಡೀತೀನಿ. ನಿಮ್ಮ ಕಿವಿಗೇನಾಗಿತ್ತು?”

ಮರುದಿನ ಅವಳೆದುರು ಕೂತು, “ತಪ್ಪಾಯಿತು, ಹದ ಹೇಳಿಕೊಡಮ್ಮ,” ಎಂದೆ.

“ಟೀ ಕುಡೀರಿ ಅಣ್ಣಾ, ಆರಿಹೋಗುತ್ತೆ,” ಎಂದಳು.

ಆಮೇಲೆ ಒಂದು ತಿಂಗಳು ಅಲ್ಲಿದ್ದೆ. ದಿನವೂ ಟೀ ಕೊಟ್ಟಳು. ಕಬ್ಬಿಣದ ಮಾತು ಎತ್ತಲಿಲ್ಲ. ಕತ್ತಿ ಬಡಿಯಲು ಬಾರದೆಯೇ ಮನೆಗೆ ಬಂದೆ.