ಗೋಡೆಯಾದ ಕೋಣೆ

ನನ್ನ ಅಕ್ಕನ ಗಂಡ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಸೂರನ್ನು. ತೇವದ ಕಲೆ ಕಂಡರೆ ಕುಶಲ ಕೇಳುವ ಮೊದಲೇ ರಿಪೇರಿಗೆ ಎಷ್ಟಾದೀತೆಂದು ಹೇಳಿಬಿಡುತ್ತಾರೆ. ದೊಡ್ಡ ಆಸ್ಪತ್ರೆಯೊಂದರ ಕಟ್ಟಡ ನಿರ್ವಹಣೆಗೆ ವೆಚ್ಚದ ಅಂದಾಜು ಹಾಕುವುದು ಅವರ ಉದ್ಯೋಗ. ತೊಟ್ಟಿಕ್ಕುವ ನಲ್ಲಿ, ನರಳುವ ಲಿಫ್ಟು, ಸಿಪ್ಪೆ ಏಳುವ ಬಣ್ಣ, ಎಲ್ಲಕ್ಕೂ ಬೆಲೆ ಕಟ್ಟುವವರು. "ನಿಮ್ಮ ಭಾವನಿಗೆ ಭಾವನೆಯೊಂದು ಬಿಟ್ಟು ಎಲ್ಲದರ ಬೆಲೆ ಗೊತ್ತು ಕಣೋ," ಎಂದು ಅಕ್ಕ ಹಂಗಿಸುತ್ತಾಳೆ. ಅವಳು ಆಸ್ಪತ್ರೆಯಲ್ಲಿ ಅವರನ್ನು ನೋಡಿಲ್ಲ.

ಈಚೆಗೆ ಆಸ್ಪತ್ರೆಯವರು ಕಟ್ಟಡದ ಡಿಜಿಟಲ್ ಮಾಡೆಲ್ ಮಾಡಿಸಿದರು. ಕಂಪ್ಯೂಟರಿನೊಳಗೆ ಇಡೀ ಆಸ್ಪತ್ರೆ. ಒಂದು ಬಾಗಿಲ ಮೇಲೆ ಒತ್ತಿದರೆ ಅದರ ಅಳತೆ, ವಯಸ್ಸು, ದುರಸ್ತಿಯ ಖರ್ಚು ತಾನಾಗಿ ಬರುತ್ತದೆ. ಇನ್ನು ಮುಂದೆ ಅಂದಾಜೆಲ್ಲ ಇದರಿಂದಲೇ ಎಂದು ಮ್ಯಾನೇಜರ್ ಅಪ್ಪಣೆ ಹೊರಡಿಸಿದರು. ಭಾವನಿಗೂ ಖುಷಿ. ಏಣಿ ಹತ್ತುವುದು ತಪ್ಪಿತು, ಮಂಡಿಗೆ ಪಿಂಚಣಿ ಸಿಕ್ಕಿತು.

ಅಳತೆಯವರು ಕ್ಯಾಮೆರಾ ಹೊತ್ತು ಬರುವ ಮುನ್ನ, ಕೋಣೆಗಳು ಚೊಕ್ಕಟವಾಗಿರಲಿ ಎಂದು ಭಾವ ಎಲ್ಲರಿಗೂ ಹೇಳಿಕಳಿಸಿದ್ದರು. ನೆಲ ಒರೆಸುವ ಹೆಂಗಸರಿಗೆ ಮೆಟ್ಟಿಲ ಪಕ್ಕ ಒಂದು ಪುಟ್ಟ ಕೋಣೆ ಇತ್ತು. ಬಟ್ಟೆ ಬದಲಿಸಲು, ಉಣ್ಣಲು, ಚೂರು ಕಾಲು ಚಾಚಲು. ಊರಗಲ ಆಸ್ಪತ್ರೆ ತೊಳೆದವರಿಗೆ ತಮ್ಮ ಕೋಣೆ ಒಪ್ಪ ಮಾಡಲು ಪುರುಸೊತ್ತಾಗಲಿಲ್ಲ. ಸೋರುವ ಸೂರಿನ ಕೆಳಗೆ ಬಕೆಟ್ಟು, ಹಗ್ಗದ ಮೇಲೆ ಒದ್ದೆ ಬಟ್ಟೆ. ಬಂದವರು ಕಂಡರೆ ಮರ್ಯಾದೆ ಹೋದೀತೆಂದು ಬೀಗ ಜಡಿದುಬಿಟ್ಟರು. ಅಳತೆಯವರ ನಿಯಮ ಏನೆಂದರೆ, ಒಳಹೋಗಲಾಗದ ಜಾಗವೆಲ್ಲ ಗಟ್ಟಿ ಗೋಡೆ.

ಆ ಕೋಣೆಯ ಸೂರಿನ ದುರಸ್ತಿಗೆ ಅಂದಾಜು ಹಾಕಲು ಕೂತಾಗಲೇ ಭಾವನಿಗೆ ಇದು ತಿಳಿದದ್ದು. ಎಲ್ಲಿ ಒತ್ತಿದರೂ ಗೋಡೆ. ಮ್ಯಾನೇಜರ್ ಬಳಿ ಹೋದರು.

"ಸರ್, ಅಲ್ಲೊಂದು ಕೋಣೆ ಇದೆ."

"ಮಾಡೆಲ್‌ನಲ್ಲಿ ಇಲ್ವಲ್ರೀ."

"ಬನ್ನಿ, ತೋರಿಸ್ತೀನಿ."

"ನಾನು ನೋಡಿ ಏನು ಬಂತು? ತಿದ್ದಬೇಕು ಅಂದ್ರೆ ಆ ಕೋಣೆಯ ವಿಭಾಗದ ಮುಖ್ಯಸ್ಥರು ಕೇಳ್ಬೇಕು."

ಹೆಂಗಸರು ಗುತ್ತಿಗೆಯವರು, ಅವರಿಗೆ ವಿಭಾಗವಿಲ್ಲ. ಗುತ್ತಿಗೆದಾರನನ್ನು ಕೇಳಿದರೆ, "ನನ್ನ ಕರಾರು ನೆಲಕ್ಕೆ ಸಾರ್, ಸೂರಿಗಲ್ಲ," ಎಂದ. ಅಳತೆಯವರು ಮೇಲಿನಿಂದ ಆದೇಶ ಬರಲಿ ಎಂದರು. ಮೇಲೆ ಇದ್ದದ್ದು ಅದೇ ಮ್ಯಾನೇಜರ್.

"ಕೈಯಿಂದ ಒಂದಿಷ್ಟು ದುಡ್ಡು ಹಾಕಿ ಗಾರೆ ಮೆತ್ತಿಸಬಾರದಾ?" ಎಂದಳು ಅಕ್ಕ.

"ಗೋಡೆಗೆ ಒಳಗಿನಿಂದ ಗಾರೆ ಹಾಕ್ತೀನಿ ಅಂದ್ರೆ ಯಾರೇ ಅನುಮತಿ ಕೊಡ್ತಾರೆ?"

ಒಂದು ದಿನ ಸೂರಿನ ಗಾರೆ ಚಕ್ಕೆಚಕ್ಕೆಯಾಗಿ ಕಳಚಿ ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಅಂದಿನಿಂದ ಹೆಂಗಸರು ಬುತ್ತಿ ಹಿಡಿದು ಮೆಟ್ಟಿಲ ಮೇಲೆ ಕೂರತೊಡಗಿದರು. ಭಾವ ಬಂದರೆ ಸರಿದು ದಾರಿ ಬಿಡುವರು.

"ಗೋಡೆ ಅಂತಾರಂತಲ್ಲ ಸಾರ್," ಎಂದಳು ಎಲ್ಲರೂ ದೊಡ್ಡಮ್ಮ ಎನ್ನುವ ಹಿರಿಯಾಕೆ. "ಅಂದ್ರೆ ಇಷ್ಟು ವರ್ಷ ನಾವು ಗೋಡೆಯೊಳಗೆ ಕೂತು ಉಂಡ್ವಾ? ಹಲ್ಲಿಯಾಗಿ ಹುಟ್ಟಿದ್ರೆ ಯಾರೂ ಕೇಳ್ತಿರಲಿಲ್ಲ."

ಉಳಿದವರು ನಕ್ಕರು. ಭಾವ, "ಪ್ರಯತ್ನ ಮಾಡ್ತಿದ್ದೀನಮ್ಮ," ಎನ್ನುತ್ತ ಇಳಿದುಹೋದರು.

ಅಷ್ಟರಲ್ಲಿ ಸುರಕ್ಷತಾ ಅಧಿಕಾರಿಯ ಕಣ್ಣು ಮೆಟ್ಟಿಲ ಮೇಲೆ ಬಿತ್ತು. ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು, ಯಾರೂ ಕೂರದಂತೆ ಬೋರ್ಡು ಹಾಕಿಸಿ ಎಂದರು. ಅಂದಾಜು ಹಾಕುವ ಕೆಲಸ ಭಾವನ ಮೇಜಿಗೇ ಬಂತು. ಮೆಟ್ಟಿಲು ಮಾಡೆಲ್‌ನಲ್ಲಿತ್ತು. ಒತ್ತಿದರು, ಮೊತ್ತ ಬಂತು, ಅಂದೇ ಮಂಜೂರಾಯಿತು.

ಬೋರ್ಡಿಗೆ ಮೊಳೆ ಹೊಡೆಯುವಾಗ ಭಾವ ಅಲ್ಲೇ ನಿಂತಿರಬೇಕಾಯಿತು. ದೊಡ್ಡಮ್ಮ ಡಬ್ಬಿ ಮುಚ್ಚಿ ಎದ್ದು, ಅಕ್ಷರ ಕೂಡಿಸಿ ಓದಿದಳು: "ಇಲ್ಲಿ ಕೂರಬಾರದು."

ಭಾವನ ಕಡೆ ತಿರುಗಿದಳು. "ಮತ್ತೆ ಎಲ್ಲಿ ಕೂರಬೇಕು ಅಂತ ಬರೆಯೋಕೆ ಜಾಗ ಸಾಲಲಿಲ್ವಾ ಸಾರ್?"

ಬೋರ್ಡಿನಲ್ಲಿ ಜಾಗ ಬೇಕಾದಷ್ಟಿತ್ತು.