ನರಸಿಂಹರಾಜಪುರದ ಚೈನೀಸ್ ಸೂಪು

ಕೊಪ್ಪದ ಬಸ್ಸು ತಡವೆಂದು ಗೊತ್ತಾಗಿ, ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಹೊಸದಾಗಿ ತೆರೆದಿದ್ದ ಚೈನೀಸ್ ಪಾರ್ಸೆಲ್ ಅಂಗಡಿಯಲ್ಲಿ ಕೂತೆ. ಒಲೆಯ ಮುಂದಿದ್ದವಳು ಪೇಮಾ. ದಾರ್ಜಿಲಿಂಗ್ ಕಡೆಯವಳು, ಇಲ್ಲಿನ ಲಾರಿ ಡ್ರೈವರನ್ನು ಮದುವೆಯಾಗಿ ಬಂದವಳು.

ಗಿರಾಕಿಗಳು ಹೋಗುವಾಗ ಒಂದು ಮಾತು ಹೇಳದೆ ಹೋಗುತ್ತಿರಲಿಲ್ಲ. "ಈ ಶ್ಯಾವಿಗೆಗೆ ಕಾಯಿತುರಿ ಹಾಕ್ಬೇಕಿತ್ತು ಮಾರಾಯ್ತಿ" ಎಂದ ಅಡಿಕೆ ವ್ಯಾಪಾರಿ. "ಖಾರವೇ ಇಲ್ಲ, ಸಪ್ಪೆ" ಎಂದರು ಒಬ್ಬ ಮೇಷ್ಟ್ರು. ಪೇಮಾ ಎಲ್ಲರಿಗೂ "ಆಯ್ತು" ಎನ್ನುತ್ತಿದ್ದಳು. ಅಡುಗೆಯಲ್ಲಿ ಮಾತ್ರ ಏನನ್ನೂ ಬದಲಿಸುತ್ತಿರಲಿಲ್ಲ.

ಅಷ್ಟರಲ್ಲಿ ಕಡಹಿನಬೈಲಿನ ಹೆಂಗಸೊಬ್ಬಳು ಸ್ಟೀಲ್ ಕ್ಯಾರಿಯರ್ ಹಿಡಿದು ಬಂದಳು. "ಜ್ವರ ಬಂದಾಗಿಂದ ನಮ್ಮತ್ತೆ ಗಂಜಿನೂ ಮುಟ್ಟಿರ್ಲಿಲ್ಲ. ನಿನ್ನೆ ನಿನ್ನ ಸೂಪು ಪೂರ್ತಿ ಕುಡಿದ್ರು. ಇವತ್ತೂ ಮೊಟ್ಟೆ ಸೋಕದ ಪಾತ್ರೇಲೇ ಮಾಡ್ಕೊಡು."

"ಚೈನೀಸ್ ಅಂತ ಹೇಳಿದ್ರಾ?" ಎಂದಳು ಪೇಮಾ.

"ಇಲ್ಲ ಮಾರಾಯ್ತಿ, ತರಕಾರಿ ಸಾರು ಅಂದೆ. ಹುಳಿ ಸಾಲ್ದು ಅಂದ್ರು."

ಪೇಮಾ ನೂಡಲ್ಸಿನ ಬಾಣಲೆಯನ್ನು ಕೆಳಗಿಳಿಸಿದಳು. ಬೇರೆ ಪಾತ್ರೆ ತೊಳೆದು ಸೂಪು ಕಾಯಿಸಿ, ನಿಂಬೆಹಣ್ಣು ಕೊಯ್ದು ಹಿಂಡಿದಳು. ಸೌಟಿನಿಂದ ಎರಡು ಹನಿಯನ್ನು ಆ ಹೆಂಗಸಿನ ಅಂಗೈಗೆ ಬಿಟ್ಟು, "ಅತ್ತೆಗೆ ಸಾಕಾ?" ಎಂದು ಕೇಳಿದಳು.

ಅವಳು ನೆಕ್ಕಿ ನೋಡಿ ಕಣ್ಣು ಕಿರಿದು ಮಾಡಿದಳು.

"ಇನ್ನೊಂಚೂರು ಹಿಂಡು."